ಸಿನಿಮಾದಲ್ಲಿ ನೋಡಿದ ಶಾಕ್ ಟ್ರೀಟ್‌ಮೆಂಟನ್ನೇ ಅಮ್ಮನಿಗೂ ಕೊಡುತ್ತಾರಾ?

ಪ್ರಶ್ನೆ: ಅಮ್ಮನಿಗೆ 62 ವರ್ಷ. ತೀವ್ರ ಖಿನ್ನತೆ ಇದೆ. ಮಾತ್ರೆಗಳು ನಾಟಲಿಲ್ಲ, ಈಗ ಊಟವನ್ನೂ ಬಿಟ್ಟಿದ್ದಾರೆ. ಡಾಕ್ಟರ್ ಇಸಿಟಿ, ಅಂದರೆ ತಲೆಗೆ ಕರೆಂಟ್ ಕೊಡುವ ಚಿಕಿತ್ಸೆ, ಮಾಡೋಣ ಅಂದರು. ಮೊನ್ನೆ ‘ಒನ್ ಫ್ಲೂ ಓವರ್ ದ ಕುಕ್ಕೂಸ್ ನೆಸ್ಟ್’ ನೋಡಿದೆ. ಅದರಲ್ಲಿ ಕರೆಂಟ್ ಕೊಡುವುದನ್ನು ನೋಡಿ ಕೈಕಾಲು ತಣ್ಣಗಾಯಿತು. ಅಮ್ಮನನ್ನೂ ಹಾಗೇ ಹಿಡಿದುಕೊಂಡು ಶಾಕ್ ಕೊಡುತ್ತಾರಾ?
– ಒಬ್ಬ ಓದುಗ, ದಾವಣಗೆರೆ

ಉತ್ತರ: ಇಲ್ಲ. ಅರಿವಳಿಕೆ ಇಲ್ಲದೆ ಹಾಗೆ ಕೊಡುವುದನ್ನು ನಮ್ಮಲ್ಲಿ 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ನಿಷೇಧಿಸಿದೆ. ಆದರೂ ನೀವು ಹೆದರಿದ್ದು ಸಹಜ. 1975ರ ಆ ಸಿನಿಮಾವನ್ನು ಅಮೆರಿಕದ ಆರೆಗನ್ ರಾಜ್ಯದ ನಿಜವಾದ ಮಾನಸಿಕ ಆಸ್ಪತ್ರೆಯಲ್ಲೇ ತೆಗೆದರು. ಅಲ್ಲಿನ ಮುಖ್ಯಸ್ಥರಾಗಿದ್ದ ಡಾ. ಡೀನ್ ಬ್ರೂಕ್ಸ್ ಅವರೇ ಡಾಕ್ಟರ್ ಪಾತ್ರ ಮಾಡಿದ್ದಾರೆ. ನಿಜ ಅನ್ನಿಸದೆ ಇರುತ್ತದಾ?

ಸಿನಿಮಾದಲ್ಲಿ ಜಾಕ್ ನಿಕಲ್ಸನ್ ಮಾಡಿದ ರೋಗಿ ಮೆಕ್‌ಮರ್ಫಿ ಪೂರ್ತಿ ಎಚ್ಚರವಾಗಿರುವಾಗಲೇ ಕರೆಂಟ್ ಹರಿಸುತ್ತಾರೆ. 1938ರಲ್ಲಿ ರೋಮ್‌ನಲ್ಲಿ ಈ ಚಿಕಿತ್ಸೆ ಶುರುವಾದಾಗ ಕೊಡುತ್ತಿದ್ದದ್ದು ಹಾಗೆಯೇ. ಕಥೆ ನಡೆಯುವುದು 1963ರಲ್ಲಿ; ಅಷ್ಟರಲ್ಲಿ ಅರಿವಳಿಕೆ ಕೊಟ್ಟು ಮಾಡುವ ಪದ್ಧತಿಯೂ ಬಂದಿತ್ತು. ಇನ್ನೊಂದು ವಿಷಯ. ಅವನಿಗೆ ಖಿನ್ನತೆಯೇ ಇಲ್ಲ. ವಾರ್ಡಿನಲ್ಲಿ ಸಿಗರೇಟಿನ ಗಲಾಟೆಯಾಗಿ ಹೊಡೆದಾಡಿದ್ದಕ್ಕೆ ಅದು ಶಿಕ್ಷೆ. ನನ್ನ ಪ್ರಕಾರ ಸಿನಿಮಾಕ್ಕೆ ಸಿಟ್ಟಿರುವುದು ಆ ವಾರ್ಡನ್ನು ನಡೆಸುವ ನರ್ಸ್ ರ‍್ಯಾಚೆಡ್ ಕೈಯಲ್ಲಿದ್ದ ಅಧಿಕಾರದ ಮೇಲೆ. ಕೆಟ್ಟ ಹೆಸರು ಮಾತ್ರ ಚಿಕಿತ್ಸೆಗೆ ಬಂತು.

ಈಗ ಹೇಗೆ ಮಾಡುತ್ತಾರೆ ಅಂದರೆ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಹೋಗಬೇಕು. ನರಕ್ಕೆ ಇಂಜೆಕ್ಷನ್ ಕೊಟ್ಟು ನಿದ್ದೆ ಬರಿಸುತ್ತಾರೆ. ಎಷ್ಟೋ ಕಡೆ ಒಂದು ಕಾಲಿಗೆ ಬಿಪಿ ನೋಡುವ ಪಟ್ಟಿ ಬಿಗಿಯುತ್ತಾರೆ. ಸ್ನಾಯು ಸಡಿಲಿಸುವ ಔಷಧ ಆ ಪಾದಕ್ಕೆ ಮಾತ್ರ ಇಳಿಯಬಾರದು ಅಂತ. ಆಮೇಲೆ ಆ ಔಷಧ, ಆಕ್ಸಿಜನ್, ಕೆಲವೇ ಸೆಕೆಂಡು ಕರೆಂಟ್. ಕರೆಂಟ್ ಕೊಡುವುದೇ ಮೆದುಳಿನಲ್ಲಿ ಫಿಟ್ಸ್ ಬರಿಸಲು. ಮೈ ಸುಮ್ನೆ ಮಲಗಿರುತ್ತದೆ. ಆ ಒಂದು ಪಾದದ ಬೆರಳುಗಳು ಅದುರುತ್ತವೆ, ಫಿಟ್ಸ್ ಬಂತು ಅಂತ ಅದರಿಂದ ಗೊತ್ತಾಗುತ್ತದೆ. ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಮುಗಿಯುತ್ತದೆ. ಎದ್ದಾಗ ತಲೆನೋವು, ಸ್ವಲ್ಪ ಹೊತ್ತು ಗೊಂದಲ ಇರಬಹುದು. ವಾರಕ್ಕೆ ಎರಡು ಮೂರರಂತೆ 6ರಿಂದ 12 ಸಲ ಬೇಕಾಗುತ್ತದೆ.

ಮರೆವಿನ ವಿಷಯ ಮುಚ್ಚಿಡುವುದಿಲ್ಲ. ಚಿಕಿತ್ಸೆ ನಡೆದ ದಿನಗಳ ನೆನಪು ಮಸುಕಾಗುವುದು ಜಾಸ್ತಿ. ಬಹಳಷ್ಟು ಜನರಿಗೆ ಹೊಸದನ್ನು ನೆನಪಿಡುವ ಶಕ್ತಿ ಕೆಲವು ವಾರಗಳಲ್ಲಿ ಮರಳುತ್ತದೆ. ಕೆಲವರಿಗೆ ಹಿಂದಿನ ಒಂದಷ್ಟು ನೆನಪುಗಳು ವಾಪಸ್ ಬರುವುದೇ ಇಲ್ಲ. ಇದನ್ನು ಡಾಕ್ಟರ್ ಹತ್ತಿರ ಬಾಯಿಬಿಟ್ಟು ಕೇಳಿ. ಹೃದಯದ ತೊಂದರೆ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆ ಎಲ್ಲವನ್ನೂ ತಿಳಿಸಿ.

ಮೆಕ್‌ಮರ್ಫಿಯ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ನಿಮ್ಮ ಪತ್ರದಲ್ಲೂ ಅಮ್ಮ ಏನಂದರು ಅಂತ ಇಲ್ಲ ಅಲ್ವಾ? ಕಾನೂನಿನ ಪ್ರಕಾರ ಅವರಿಗೆ ವಿವರಿಸಿ ಒಪ್ಪಿಗೆ ಪಡೆಯಬೇಕು. ಅವರು ನಿರ್ಧರಿಸುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಮಾತ್ರ ಅವರ ಪರವಾಗಿ ನಾಮನಿರ್ದೇಶಿತ ಪ್ರತಿನಿಧಿಯ (ಇಂಥ ನಿರ್ಧಾರಕ್ಕೆಂದು ಗೊತ್ತುಮಾಡಿದವರ) ಮಾತು ಬರುತ್ತದೆ. ಇವತ್ತೇ ಪಕ್ಕದಲ್ಲಿ ಕೂತು ಮಾತಾಡಿ. ಊಟ ಬಿಟ್ಟವರಿಗೆ ಇಸಿಟಿಯಷ್ಟು ಬೇಗ ಕೆಲಸ ಮಾಡುವ ಚಿಕಿತ್ಸೆ ಕಡಿಮೆ, ಹಾಗಾಗಿ ವಾರಗಟ್ಟಲೆ ಮುಂದೂಡಬೇಡಿ. ನೀರನ್ನೂ ಬಿಟ್ಟಿದ್ದರೆ, ಸಾಯುವ ಮಾತಾಡುತ್ತಿದ್ದರೆ, ತಕ್ಷಣ ಆಸ್ಪತ್ರೆಗೆ ಸೇರಿಸಿ.