ಯುದ್ಧದ ಇತಿಹಾಸ ಓದುವ ಹುಚ್ಚಿದೆ, ಇತಿಹಾಸವನ್ನೇ ಐಚ್ಛಿಕ ವಿಷಯ ಮಾಡಿಕೊಳ್ಳಲೇ?

ನಿಮ್ಮ ಪ್ರಶ್ನೆ ಓದಿದಾಗ ಇದನ್ನು ನಾನೇ ಯಾವಾಗಲೋ ಬರೆದಿದ್ದೆನೇನೋ ಅನ್ನಿಸಿತು. ಚಿಕ್ಕಂದಿನಿಂದ ಯುದ್ಧದ ಇತಿಹಾಸ ಓದುತ್ತಾ ಬಂದಿದ್ದೀರಿ, ಮನೆಯವರು ಇದರಿಂದ ಏನು ಉಪಯೋಗ ಅಂತ ಕೇಳುತ್ತಿದ್ದಾರೆ, ಯುಪಿಎಸ್‌ಸಿಗೆ ಇತಿಹಾಸವನ್ನೇ ತಗೊಂಡರೆ ಇಷ್ಟು ವರ್ಷದ ಓದು ಉಪಯೋಗಕ್ಕೆ ಬರುತ್ತದೆ ಅಲ್ವಾ ಅಂತ ಕೇಳಿದ್ದೀರಿ. ನಾನು ಅದನ್ನೇ ಮಾಡಿದೆ. ನನ್ನ ನಾಲ್ಕು ವರ್ಷ ಹೋಯಿತು, ಅಪ್ಪನ ಒಂದು ಜೋಡಿ ಎತ್ತು ಹೋಯಿತು.

ನಮ್ಮೂರು ಗದಗ ಜಿಲ್ಲೆ, ನರಗುಂದದ ಹತ್ತಿರ. ಮಾಳಿಗೆ ಮೇಲೆ ನಿಂತರೆ ನರಗುಂದದ ಗುಡ್ಡ ಕಾಣುತ್ತದೆ. 1858ರಲ್ಲಿ ನರಗುಂದದ ಅರಸ ಬಾಬಾಸಾಹೇಬ ಬ್ರಿಟಿಷರ ಮೇಲೆ ಎದ್ದದ್ದು, ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್‌ನನ್ನು ಕೊಂದು ಅವನ ತಲೆ ತಂದು ನರಗುಂದದ ಅಗಸಿ ಬಾಗಿಲಿಗೆ ಕಟ್ಟಿದ್ದು, ಕೊನೆಗೆ ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಿದ್ದು, ಇದನ್ನೆಲ್ಲ ಕೇಳುತ್ತಲೇ ಬೆಳೆದೆ. ಐದನೇ ಕ್ಲಾಸಿಗೆ ಬರುವಷ್ಟರಲ್ಲಿ ಲೈಬ್ರರಿಯಲ್ಲಿ ಯುದ್ಧ ಅನ್ನುವ ಹೆಸರಿದ್ದ ಪುಸ್ತಕ ಒಂದೂ ಉಳಿದಿರಲಿಲ್ಲ. ಪಾಣಿಪತ್, ವಾಟರ್‌ಲೂ, ಸ್ಟಾಲಿನ್‌ಗ್ರಾಡ್, ಕಿತ್ತೂರು, ಯಾವುದಾದರೂ ಸರಿ. ಯಾವ ದಂಡು ಎಡಕ್ಕೆ ನಿಂತಿತ್ತು, ಯಾವುದು ಬಲಕ್ಕೆ, ತೋಪು ಎಷ್ಟಿದ್ದವು, ಇವೆಲ್ಲ ಬಾಯಿಪಾಠ. ನೋಟ್‌ಬುಕ್ಕಿನ ಹಿಂದಿನ ಹಾಳೆಗಳ ತುಂಬ ಬಾಣದ ಗುರುತು ಹಾಕಿದ ನಕ್ಷೆಗಳೇ ಇರುತ್ತಿದ್ದವು.

ಡಿಗ್ರಿ ಮುಗಿಸಿ ಧಾರವಾಡಕ್ಕೆ ಬಂದೆ. ಸಪ್ತಾಪುರದಲ್ಲಿ ಮೂವರು ಸೇರಿ ಒಂದು ರೂಮು ಮಾಡಿದೆವು. ಆಗ ಮೇನ್ಸ್‌ಗೆ ಎರಡು ಐಚ್ಛಿಕ ವಿಷಯ ಬೇಕಿತ್ತು. ಒಂದು ಕನ್ನಡ ಸಾಹಿತ್ಯ. ಇನ್ನೊಂದು ಯಾವುದು ಅಂತ ನಾನು ಯೋಚನೆಯೇ ಮಾಡಲಿಲ್ಲ. ಪಠ್ಯಕ್ರಮ ಪೂರ್ತಿ ಓದಲಿಲ್ಲ, ಹಳೆಯ ಪ್ರಶ್ನೆಪತ್ರಿಕೆ ತೆರೆಯಲಿಲ್ಲ. ಇತಿಹಾಸ ನನಗೆ ಗೊತ್ತು ಅಂದುಕೊಂಡೆ.

ಈಗ ತಪ್ಪಿನ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳಬೇಕು, ಯಾಕೆಂದರೆ ನೀವೂ ಇದೇ ದಾರಿಯಲ್ಲಿದ್ದೀರಿ ಅಂತ ನನಗೆ ಭಯ.

ಇತಿಹಾಸದ ಪತ್ರಿಕೆ ಅಂದರೆ ಮೂರು ತಾಸು, ಐದು ಪ್ರಶ್ನೆ. ಅಂದರೆ ಒಂದಕ್ಕೆ 36 ನಿಮಿಷ. ವಿಜಯನಗರದ ನಾಯಂಕರ ಪದ್ಧತಿ ಬಗ್ಗೆ ಒಂದು ಪ್ರಶ್ನೆ ಇತ್ತು. ಅದಕ್ಕೆ ಬರೆಯಬೇಕಾದದ್ದು ಇಷ್ಟು: ಅರಸರು ನಾಯಕರಿಗೆ ಭೂಮಿ ಕೊಡುತ್ತಿದ್ದರು, ಅದಕ್ಕೆ ಪ್ರತಿಯಾಗಿ ಅವರು ಇಂತಿಷ್ಟು ಕಾಲಾಳು, ಕುದುರೆ, ಆನೆ ಸಾಕಬೇಕಿತ್ತು, ಹುಟ್ಟುವಳಿಯಲ್ಲಿ ಒಂದು ಪಾಲು ಅರಮನೆಗೆ ಕಟ್ಟಬೇಕಿತ್ತು. ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಇದರ ಬಗ್ಗೆ ಏನು ಬರೆದಿದ್ದಾನೆ, ರೈತನ ಮೇಲೆ ಇದರ ಭಾರ ಎಷ್ಟು ಬಿತ್ತು, ಇಂಥವು. ನಾನು ಏನು ಮಾಡಿದೆ? ನಾಯಕರು, ಸೈನ್ಯ ಅನ್ನುವ ಎರಡು ಪದ ಕಂಡಿದ್ದೇ ತಡ, ಪೆನ್ನು ಸೀದಾ ತಾಳಿಕೋಟೆಗೆ ಹೋಯಿತು. 1565ರ ಜನವರಿ. ಕೃಷ್ಣೆಯ ದಂಡೆ. ಸುಲ್ತಾನರ ಸಾಲು ಯಾವ ಕಡೆ, ರಾಮರಾಯನ ತಮ್ಮಂದಿರು ಯಾವ ಕಡೆ. ತೋಪಿನ ಬಾಯಿಗೆ ತಾಮ್ರದ ದುಡ್ಡಿನ ಚೀಲ ತುಂಬಿ ಹೊಡೆದರು ಅಂತ ಇತಿಹಾಸಕಾರ ಫಿರಿಷ್ತಾ ಹೇಳುವ ಮಾತು. ರಾಮರಾಯನ ತಲೆ ಭರ್ಚಿಯ ಮೇಲೆ ಏರಿದ್ದು. ಒಂದು ನಕ್ಷೆಯನ್ನೂ ಬರೆದೆ. ಬರೆಯುವಾಗ ಎಷ್ಟು ಖುಷಿ ಇತ್ತು ಅಂದರೆ ಅಕ್ಕಪಕ್ಕ ಏನಾಗುತ್ತಿದೆ ಅನ್ನುವುದೇ ಗೊತ್ತಾಗಲಿಲ್ಲ. ತಲೆ ಎತ್ತಿ ಗಡಿಯಾರ ನೋಡಿದರೆ ಒಂದೂಕಾಲು ತಾಸು ಕಳೆದಿತ್ತು. ಕೊನೆಯ ಪ್ರಶ್ನೆ ಮುಟ್ಟಲೇ ಇಲ್ಲ. ಅದರ ಹಿಂದಿನದು ಅರ್ಧಕ್ಕೆ ನಿಂತಿತು.

ಒಂದು ಸಲ ಆಗಿದ್ದರೆ ಆಕಸ್ಮಿಕ ಅನ್ನಬಹುದಿತ್ತು. ಎರಡನೇ ಸಲವೂ ಹಾಗೇ ಆಯಿತು, ಬೇರೆ ಪ್ರಶ್ನೆ, ಬೇರೆ ಯುದ್ಧ. ಇದು ಸಮಯ ಹೊಂದಿಸಿಕೊಳ್ಳಲಾಗದ ತೊಂದರೆ ಅಲ್ಲ. ಕೇಳಿದ್ದಕ್ಕೆ ಉತ್ತರ ಕೊಡುವ ಮನಸ್ಸೇ ನನಗೆ ಇರಲಿಲ್ಲ, ನನಗೆ ಇಷ್ಟವಾದದ್ದನ್ನು ಯಾರಿಗಾದರೂ ಹೇಳಬೇಕಿತ್ತು. ಹದಿನೈದು ವರ್ಷ ಒಬ್ಬನೇ ಓದಿದ್ದೆ, ಕೇಳುವವರು ಯಾರೂ ಸಿಕ್ಕಿರಲಿಲ್ಲ, ಹಾಗಾಗಿ ಎಲ್ಲವನ್ನೂ ಉತ್ತರಪತ್ರಿಕೆಯ ಮೇಲೆ ಸುರಿದುಬಿಟ್ಟೆ. ಕನ್ನಡ ಸಾಹಿತ್ಯದಲ್ಲಿ ಒಳ್ಳೆಯ ಅಂಕ ಬಂತು. ಅದರ ಮೇಲೆ ನನಗೆ ಹುಚ್ಚು ಇರಲಿಲ್ಲ, ಅದಕ್ಕೇ ಕೇಳಿದ್ದಕ್ಕಷ್ಟೇ ಬರೆದಿದ್ದೆ.

ಇದೆಲ್ಲ ಆಗುವ ಮುಂಚೆಯೇ ಅಪ್ಪ ನನಗೆ ಎಚ್ಚರಿಕೆ ಕೊಟ್ಟಿದ್ದರು. ಅದು ಎಚ್ಚರಿಕೆ ಅಂತ ಆಗ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ದೀಪಾವಳಿಗೆ ಊರಿಗೆ ಹೋಗಿದ್ದೆ. ಸಂಜೆ ಅಪ್ಪ ಎತ್ತುಗಳ ಗೋದಲಿಗೆ ಕಣಿಕೆ ಹಾಕುತ್ತಿದ್ದರು. ನಾನು ಪಕ್ಕದಲ್ಲಿ ನಿಂತು ಧಾರವಾಡದ ಕಿಲ್ಲೆಯ ಮುತ್ತಿಗೆಯ ಕಥೆ ಹೇಳುತ್ತಿದ್ದೆ. 1790ರ ಸೆಪ್ಟೆಂಬರಿನಿಂದ 1791ರ ಏಪ್ರಿಲ್‌ವರೆಗೆ, ಸುಮಾರು 29 ವಾರ. ಒಳಗೆ ಟಿಪ್ಪುವಿನ ಸರದಾರ ಬದ್ರುಜ್ಜಮಾನ್ ಖಾನ್, ಹೊರಗೆ ಪರಶುರಾಮ ಭಾವೂನ ಮರಾಠಾ ದಂಡು, ಅವರ ಜೊತೆ ಕ್ಯಾಪ್ಟನ್ ಲಿಟಲ್‌ನ ಈಸ್ಟ್ ಇಂಡಿಯಾ ಕಂಪನಿ ತುಕಡಿ. ಆ ತುಕಡಿಯಲ್ಲೇ ಇದ್ದ ಎಡ್ವರ್ಡ್ ಮೂರ್ ಅನ್ನುವ ಅಧಿಕಾರಿ ಬರೆದಿಟ್ಟಿದ್ದಾನೆ: ಮರಾಠರು ಒಂದು ತೋಪು ತುಂಬಿ, ಕೂತು ಅರ್ಧ ತಾಸು ಹರಟೆ ಹೊಡೆದು, ಚಿಲುಮೆ ಸೇದಿ, ಆಮೇಲೆ ಹಾರಿಸುತ್ತಿದ್ದರಂತೆ. ಧೂಳು ಚೆನ್ನಾಗಿ ಎದ್ದರೆ ಸಾಕು. ಮಧ್ಯಾಹ್ನ ಒಂದರಿಂದ ಮೂರರವರೆಗೆ ಊಟಕ್ಕಂತ ಎರಡೂ ಕಡೆ ಸುಮ್ಮನಿರುತ್ತಿದ್ದರಂತೆ. ಇದನ್ನು ಕೇಳಿ ಅಪ್ಪ ನಗುತ್ತಾರೆ ಅಂದುಕೊಂಡಿದ್ದೆ.

ಅಪ್ಪ ಕಣಿಕೆ ಹಾಕುವುದನ್ನು ನಿಲ್ಲಿಸಿ ಕೇಳಿದರು, "ಅಲ್ಲೋ ತಮ್ಮಾ, ಅಷ್ಟು ತೋಪು ಎಳೆಯಾಕ ಎತ್ತು ಬೇಕಲ್ಲ. ಕುದುರಿ ಬ್ಯಾರೆ. ಏಳು ತಿಂಗಳು ಅವಕ್ಕೆಲ್ಲ ಮೇವು ಎಲ್ಲಿಂದ ತಂದ್ರು?"

ನನಗೆ ಗೊತ್ತಿರಲಿಲ್ಲ. ಅವರೇ ತಿಂಗಳು ಎಣಿಸಿ ಹೇಳಿದರು, "ಸೆಪ್ಟೆಂಬರಿನಿಂದ ಏಪ್ರಿಲ್ ಅಂದ್ರ ಬಿತ್ತಿಗಿಯಿಂದ ರಾಶಿ ತನಕ. ಸುತ್ತಲಿನವರದು ಆ ವರ್ಷದ ಹಿಂಗಾರಿ ಜೋಳ ಪೂರ್ತಿ ಹೋತು ಬಿಡು." ಇಷ್ಟು ಹೇಳಿ ಮತ್ತೆ ಕಣಿಕೆ ಹಾಕತೊಡಗಿದರು. ನಾನು ಆ ಮಾತನ್ನು ಅಲ್ಲೇ ಬಿಟ್ಟೆ. ಯುದ್ಧದ ಬಗ್ಗೆ ಅಪ್ಪನಿಗೆ ಏನು ಗೊತ್ತು ಅನ್ನುವ ಭಾವನೆ ಇತ್ತು ನನಗೆ. ಮರುವರ್ಷ ಆ ಎತ್ತುಗಳನ್ನೇ ಮಾರಿ ನನ್ನ ಕೋಚಿಂಗ್ ಫೀಸು ಕಟ್ಟಿದರು.

ಎರಡನೇ ಸಲ ಫೇಲಾಗಿ ಊರಿಗೆ ಬಂದ ಮೇಲೆ ಆ ಪ್ರಶ್ನೆ ನೆನಪಾಯಿತು. ಪರೀಕ್ಷೆಯ ಯೋಚನೆ ಬಿಟ್ಟು ಅದೊಂದನ್ನೇ ಹುಡುಕುತ್ತಾ ಹೋದೆ. ಆಗ ನಾನು ಹತ್ತು ಸಲ ಓದಿದ್ದ ಯುದ್ಧವೇ ಬೇರೆ ಕಾಣಿಸಿತು. 1791ರ ಮೇನಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲಿಗೆ ಹೋಗಿ, ಅರಕೆರೆಯಲ್ಲಿ ಗೆದ್ದರೂ ವಾಪಸ್ ಬಂದ. ಯಾಕೆ? ಎತ್ತುಗಳು ಸಾವಿರಗಟ್ಟಲೆ ಸತ್ತಿದ್ದವು. ದೊಡ್ಡ ತೋಪುಗಳನ್ನು ಎಳೆಯುವವರಿಲ್ಲದೆ ತಾನೇ ಒಡೆದುಹಾಕಿದ. ದಂಡಿಗೆ ಅನ್ನ ಇರಲಿಲ್ಲ. ಹಿಂದಕ್ಕೆ ಹೊರಟ ಮೇಲೆ ಮರಾಠರ ದಂಡು ಎದುರಾಯಿತು, ಅವರ ಬಜಾರಿನಲ್ಲಿ ಧಾನ್ಯ ತುಂಬಿತ್ತು, ದುಬಾರಿ ದರಕ್ಕೆ ಮಾರಿದರು. ಆ ದಂಡಿನಲ್ಲಿ ಪರಶುರಾಮ ಭಾವೂ ಇದ್ದ. ಏಪ್ರಿಲ್‌ವರೆಗೆ ಅವನನ್ನು ಹಿಡಿದಿಟ್ಟಿದ್ದು ನಮ್ಮ ಧಾರವಾಡದ ಕಿಲ್ಲೆ! ಇಂಥ ದಂಡುಗಳಿಗೆ ಧಾನ್ಯ ತರುತ್ತಿದ್ದವರು ಬಂಜಾರರು, ಅಂದರೆ ನಮ್ಮ ಲಂಬಾಣಿಗರು. ಎತ್ತಿನ ಬೆನ್ನ ಮೇಲೆ ಹೇರು ಹಾಕಿ, ದಾರಿಯಲ್ಲೇ ಮೇಯಿಸಿಕೊಂಡು, ಸಾವಿರಾರು ಎತ್ತುಗಳ ಹಿಂಡು ಹೊಡೆದುಕೊಂಡು ಬರುತ್ತಿದ್ದರು. ನಮ್ಮ ಕ್ಲಾಸಿನಲ್ಲೇ ತಾಂಡಾದಿಂದ ಬರುತ್ತಿದ್ದ ಹುಡುಗರಿದ್ದರು. ಇದರಲ್ಲಿ ಅವರ ಹಿರಿಯರಿಗೂ ಒಂದು ಪಾಲಿದೆ ಅಂತ ನನಗೆ ಹೊಳೆದಿರಲಿಲ್ಲ.

ನಮ್ಮೂರ ಹನುಮಪ್ಪನ ಗುಡಿ ಮುಂದೆ ಒಂದು ವೀರಗಲ್ಲಿದೆ. ಮೂರು ಪಟ್ಟಿ: ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ. ಸಣ್ಣವನಿದ್ದಾಗ ಅವನ ಕತ್ತಿಯ ಮೇಲೆ ಬೆರಳಾಡಿಸುತ್ತಿದ್ದೆ. ಮೂವತ್ತು ದಾಟಿದ ಮೇಲೆ ಒಂದು ದಿನ ಎಣ್ಣೆಯ ಜಿಡ್ಡು ಒರೆಸಿ ನೋಡಿದರೆ, ಕೆಳಗಿನ ಪಟ್ಟಿಯ ಮೂಲೆಯಲ್ಲಿ ನಾಲ್ಕು ಆಕಳು. ತುರುಗಳಿಗಾಗಿ ಸತ್ತವನು ಅವನು. ಅಷ್ಟು ವರ್ಷ ಆಕಳು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಓದಿನಿಂದ ಉಪಯೋಗ ಆಗಲೇಬೇಕು ಅಂತ ಯಾಕೆ? ಮನೆಯವರಿಗೆ ಲೆಕ್ಕ ಒಪ್ಪಿಸಲು ಇಷ್ಟವಾದದ್ದನ್ನು ಪರೀಕ್ಷೆಗೆ ಕಟ್ಟಬೇಡಿ, ಎರಡೂ ಕೆಡುತ್ತವೆ. ನಾನೀಗ ಪತ್ತಿನ ಸಂಘದಲ್ಲಿ ಕೆಲಸ ಮಾಡುತ್ತೇನೆ, ರಾತ್ರಿ ಓದುತ್ತೇನೆ, ಮೊದಲಿಗಿಂತ ಜಾಸ್ತಿಯೇ. ಯಾವ ಯುದ್ಧದ ಪುಸ್ತಕ ಹಿಡಿದರೂ ಮೊದಲು ಮೇವು, ನೀರು, ಧಾನ್ಯ ಹುಡುಕುತ್ತೇನೆ. ಅಪ್ಪನಿಗೆ ಹೇಳುತ್ತೇನೆ. ಈಗ ಅವರೇ "ಮುಂದ?" ಅಂತ ಕೇಳುತ್ತಾರೆ. ಮನೆಯವರಿಗೆ ನೀವು ಕಥೆ ಹೇಳಿ ನೋಡಿದ್ದೀರಾ? ಅವರು ಏನು ಕೇಳುತ್ತಾರೋ ಅದನ್ನು ಬರೆದಿಟ್ಟುಕೊಳ್ಳಿ.

ಯಾವ ಐಚ್ಛಿಕ ಒಳ್ಳೆಯದು, ಯಾವುದಕ್ಕೆ ಅಂಕ ಜಾಸ್ತಿ, ಅದನ್ನು ಬೇರೆಯವರು ಹೇಳಲಿ. ನನ್ನದು ಇಷ್ಟೇ. ಇವತ್ತೇ ಒಂದು ಹಳೆಯ ಪ್ರಶ್ನೆಪತ್ರಿಕೆ ತಗೊಳ್ಳಿ. ಭೂಕಂದಾಯದ್ದೋ, ನಾಯಂಕರದ್ದೋ ಒಂದು ಪ್ರಶ್ನೆ ಆರಿಸಿ, ಗಡಿಯಾರ ಎದುರಿಗಿಟ್ಟು 36 ನಿಮಿಷದಲ್ಲಿ ಉತ್ತರ ಬರೆಯಿರಿ. ಆಮೇಲೆ ಕೆಂಪು ಪೆನ್ನಿನಿಂದ ಯುದ್ಧದ ಸಾಲುಗಳಿಗೆಲ್ಲ ಗೆರೆ ಎಳೆಯಿರಿ. ಅರ್ಧ ಹಾಳೆ ಕೆಂಪಾಗಿದ್ದರೆ ಬೇರೆ ವಿಷಯ ತಗೊಳ್ಳಿ.