ಯುಮಿಕೊ ಯಾಕೆ ಬಾಯಿಬಿಟ್ಟು ಅಳುವುದಿಲ್ಲ?

ಮಾನ್ಯ ಓದುಗರೇ,

ಕಳೆದ ಸಂಚಿಕೆಯಲ್ಲಿ ಪ್ರಕಟವಾದ ‘ಮಬೊರೊಶಿ’ ಚಿತ್ರದ ಪರಿಚಯ ಲೇಖನವನ್ನು ಓದಿ, ಚಿತ್ರವನ್ನೂ ಹುಡುಕಿ ನೋಡಿ ತಾವು ಬರೆದ ದೀರ್ಘ ಪತ್ರ ತಲುಪಿದೆ. ಮೊದಲ ಗಂಡ ಯಾಕೆ ಸತ್ತನೆಂಬುದನ್ನು ಹೇಳದೆ ನಿರ್ದೇಶಕರು ನೋಡುಗರನ್ನು ನಡುನೀರಿನಲ್ಲಿ ಕೈಬಿಟ್ಟಿದ್ದಾರೆ ಎಂಬುದು ತಮ್ಮ ಒಂದು ಆಕ್ಷೇಪ. ಸತ್ತವನನ್ನು ಮರೆಯಲಾರದ ಹೆಣ್ಣಿಗೆ ಮರುಮದುವೆ ಮಾಡಿಸಿ, ಅವಳ ಮುಖವೂ ಕಾಣದಷ್ಟು ಕತ್ತಲೆಯಲ್ಲಿ ಅವಳನ್ನಿರಿಸಿ, ಅವಳಿಗೂ ಎರಡನೆಯ ಗಂಡನಿಗೂ ಅನ್ಯಾಯ ಮಾಡಿದ್ದಾರೆ ಎಂಬುದು ಇನ್ನೊಂದು. ಅವಳು ಯಾಕೆ ಬಾಯಿಬಿಟ್ಟು ಅಳುವುದಿಲ್ಲ ಎಂದೂ ಕೇಳಿದ್ದೀರಿ.

ಲೇಖನ ಓದದವರಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. 1995ರಲ್ಲಿ ತೆರೆಕಂಡ ಇದು ಜಪಾನಿನ ನಿರ್ದೇಶಕ ಹಿರೊಕಾಜು ಕೊರೆ-ಎಡಾ ಅವರ ಮೊದಲ ಕಥಾಚಿತ್ರ. ಒಸಾಕಾ ಕಡೆಯ ಇಕ್ಕಟ್ಟಿನ ಮನೆಯೊಂದರಲ್ಲಿ ಯುಮಿಕೊ, ಇಕುವೊ ಮತ್ತು ಅವರ ಎಳೆಯ ಮಗ ನೆಮ್ಮದಿಯಾಗಿದ್ದಾರೆ. ಒಂದು ರಾತ್ರಿ ಇಕುವೊ ಹಳಿಯ ಮೇಲೆ ನಡೆದುಹೋಗುತ್ತಾ ರೈಲಿಗೆ ಸಿಕ್ಕಿ ಸಾಯುತ್ತಾನೆ. ಕೆಲವು ವರ್ಷಗಳ ನಂತರ ಯುಮಿಕೊ, ಪರಿಚಿತರು ನೋಡಿದ ಸಂಬಂಧಕ್ಕೆ ಒಪ್ಪಿ, ನೋಟೊ ಪರ್ಯಾಯ ದ್ವೀಪದ ಕಡಲಂಚಿನ ಹಳ್ಳಿಯಲ್ಲಿರುವ ವಿಧುರ ತಮಿಯೊನನ್ನು ಮದುವೆಯಾಗುತ್ತಾಳೆ. ಅವನಿಗೂ ಒಬ್ಬಳು ಮಗಳಿದ್ದಾಳೆ, ಮನೆಯಲ್ಲಿ ವಯಸ್ಸಾದ ತಂದೆಯಿದ್ದಾರೆ.

ಇಕುವೊನ ಸಾವಿಗೆ ಸಾಲವನ್ನೋ ಕಾಯಿಲೆಯನ್ನೋ ಕಾರಣವಾಗಿ ಕೊಡುವುದು ಚಿತ್ರಕಥೆ ಬರೆಯುವವರಿಗೆ ಕಷ್ಟದ ಕೆಲಸವಲ್ಲ. ಆದರೆ ನಿರ್ದೇಶಕರು ತಮಗೆ ಗೊತ್ತಿರುವುದನ್ನು ನಮ್ಮಿಂದ ಮುಚ್ಚಿಟ್ಟಿಲ್ಲ. ಯುಮಿಕೊಗೆ ಎಷ್ಟು ಗೊತ್ತೋ ಅಷ್ಟನ್ನೇ ನಮಗೂ ಕೊಟ್ಟಿದ್ದಾರೆ. ಗಂಡಹೆಂಡಿರು ಕೂಡಿ ಹಸಿರು ಬಣ್ಣ ಬಳಿದ ಸೈಕಲ್ಲು, ಅದನ್ನು ಮನೆಯಲ್ಲಿ ಬಿಟ್ಟು ಕೊಡೆ ಹಿಡಿದು ಹೊರಟ ಇಕುವೊನ ಬೆನ್ನು, ಇವಿಷ್ಟೇ ಅವಳ ಕೈಯಲ್ಲಿರುವ ಸಾಕ್ಷ್ಯ. ಆತ್ಮಹತ್ಯೆಯಿಂದ ತಮ್ಮವರನ್ನು ಕಳೆದುಕೊಂಡ ಎಷ್ಟೋ ಮನೆಗಳಲ್ಲಿ ಉಳಿಯುವುದೂ ಇಷ್ಟೇ. ಕೊರೆ-ಎಡಾ ಇದನ್ನು ಕಲ್ಪನೆಯಿಂದಲೇ ಕಟ್ಟಿದವರಲ್ಲ. 1991ರಲ್ಲಿ ಅವರು, ಕಾರ್ಖಾನೆಯ ಪಾದರಸದ ವಿಷದಿಂದ ಬಂದ ಮಿನಮಾಟ ಕಾಯಿಲೆಯ ಮೊಕದ್ದಮೆಗಳ ಹೊಣೆ ಹೊತ್ತು ಕೊನೆಗೆ ಆತ್ಮಹತ್ಯೆ ಮಾಡಿಕೊಂಡ ಸರ್ಕಾರಿ ಅಧಿಕಾರಿಯೊಬ್ಬರ ಕುರಿತು ಟಿ.ವಿ. ಸಾಕ್ಷ್ಯಚಿತ್ರ ಮಾಡಿದ್ದರು, ಅದಕ್ಕಾಗಿ ಆ ಅಧಿಕಾರಿಯ ಪತ್ನಿಯ ಎದುರು ಕುಳಿತು ಮಾತು ಕೇಳಿಸಿಕೊಂಡಿದ್ದರು.

ಇನ್ನು ಯುಮಿಕೊಳ ಮೌನ. ಈ ಚಿತ್ರಕ್ಕೆ ಆಧಾರವಾದ ತೆರು ಮಿಯಾಮೊತೊ ಅವರ ಕಥೆಯಲ್ಲಿ ಯುಮಿಕೊ ಮೊದಲಿನಿಂದ ಕೊನೆಯವರೆಗೂ ಮಾತಾಡುತ್ತಲೇ ಇರುತ್ತಾಳೆ, ಅದೂ ಸತ್ತ ಗಂಡನನ್ನೇ ಉದ್ದೇಶಿಸಿ. ತಾವು ಬಯಸಿದ ಅಳಲು ಅಲ್ಲಿದೆ. ಕೊರೆ-ಎಡಾ ಆ ದನಿಯನ್ನು ಪೂರ್ತಿಯಾಗಿ ತೆಗೆದು, ಅದರ ಜಾಗದಲ್ಲಿ ದೂರವನ್ನು ಇಟ್ಟರು. ಕ್ಯಾಮೆರಾ ಅವಳ ಹತ್ತಿರ ಹೋಗಿ ಕಣ್ಣೀರನ್ನು ಕೇಳುವುದಿಲ್ಲ. ಕಿಟಕಿಯಿಂದ ಬಂದಷ್ಟೇ ಬೆಳಕಿನಲ್ಲಿ ಅವಳು ಮೆಟ್ಟಿಲು ಒರೆಸುತ್ತಾಳೆ, ಸುಮ್ಮನೆ ಕೂರುತ್ತಾಳೆ. ಛಾಯಾಗ್ರಾಹಕ ಮಸಾವೊ ನಕಬೊರಿ ಅವರಿಗೆ ಚಿತ್ರ ತೆರೆಕಂಡ ವರ್ಷವೇ ವೆನಿಸ್ ಚಿತ್ರೋತ್ಸವದ ಛಾಯಾಗ್ರಹಣ ಪ್ರಶಸ್ತಿ ಬಂತು. ಚಿಕ್ಕ ಪರದೆಯಲ್ಲಿ ನೋಡಿದರೆ ಈ ಕತ್ತಲೆ ಕಣ್ಣಿಗೆ ಶ್ರಮ ಕೊಡುತ್ತದೆಂಬುದು ನಿಜ. ಸಾಧ್ಯವಾದರೆ ದೊಡ್ಡ ಪರದೆಯಲ್ಲಿ ಇನ್ನೊಮ್ಮೆ ನೋಡಬೇಕೆಂದು ಕೋರುತ್ತೇನೆ.

ಮರುಮದುವೆಯ ಬಗ್ಗೆ ತಮ್ಮ ಮಾತನ್ನು ನಾನು ಒಪ್ಪಲಾರೆ. ನೋಟೊದಲ್ಲಿ ಯುಮಿಕೊ ಸುಖವಾಗಿಯೇ ಇದ್ದಾಳೆ. ಮಕ್ಕಳಿಬ್ಬರೂ ಒಡಹುಟ್ಟಿದವರಂತೆ ಗದ್ದೆಯಂಚಿನಲ್ಲಿ ಓಡುತ್ತಾರೆ, ಬೇಸಿಗೆಯ ಮಧ್ಯಾಹ್ನ ಗಂಡಹೆಂಡಿರ ನಡುವೆ ಸಲುಗೆಯೂ ಇದೆ. ತಮ್ಮನ ಮದುವೆಗೆಂದು ಹಳೆಯ ಊರಿಗೆ ಹೋಗಿ ಬಂದ ಮೇಲೆ ತಳದಲ್ಲಿ ಕೂತಿದ್ದ ದುಃಖ ಕದಡುತ್ತದೆ. ಹೀಗೆ ಕದಡುವುದರಿಂದ ಹೊಸ ಸಂಸಾರ ಸುಳ್ಳಾಗುವುದಿಲ್ಲ. ಮರುಮದುವೆ ಎಂದರೆ ಹಳೆಯ ಲೆಕ್ಕವನ್ನು ಚುಕ್ತಾ ಮಾಡುವುದು ಎಂಬ ನಿರೀಕ್ಷೆಯೇ ಹೆಣ್ಣುಮಕ್ಕಳ ಮೇಲೆ ದೊಡ್ಡ ಭಾರ ಎಂದು ನನ್ನ ದೃಢವಾದ ನಂಬಿಕೆ.

ಶವಯಾತ್ರೆಯ ದೃಶ್ಯವನ್ನು ದಯವಿಟ್ಟು ನೆನಪು ಮಾಡಿಕೊಳ್ಳಿ. ಮುಗಿಲು ಮತ್ತು ಕಡಲಿನ ನಡುವೆ, ದಂಡೆಯುದ್ದಕ್ಕೂ ಸಣ್ಣ ಆಕೃತಿಗಳ ಸಾಲೊಂದು ಸಾಗುತ್ತದೆ. ಯಾರ ಸಾವೆಂದು ನಮಗೆ ತಿಳಿಯದು. ಅದರ ಹಿಂದೆ, ತುಸು ಅಂತರ ಬಿಟ್ಟು, ಯುಮಿಕೊ ಒಬ್ಬಳೇ ನಡೆಯುತ್ತಾಳೆ. ಕೊನೆಗೆ ಉರಿಯುವ ಬೆಂಕಿಯ ಬಳಿ ನಿಂತವಳನ್ನು ಹುಡುಕಿಕೊಂಡು ತಮಿಯೊ ಬಂದಾಗ, ಇಕುವೊ ಯಾಕೆ ಸತ್ತನೆಂದು ತನಗೆ ಅರ್ಥವೇ ಆಗುತ್ತಿಲ್ಲವೆಂದು ಅವಳು ಮೊದಲ ಸಲ ಬಾಯಿಬಿಟ್ಟು ಹೇಳುತ್ತಾಳೆ. ಎರಡನೆಯ ಗಂಡನಾದವನು ಅದನ್ನು ಮರೆತುಬಿಡು ಎನ್ನಬಹುದಿತ್ತು, ನನ್ನಲ್ಲಿ ಏನು ಕಡಿಮೆಯಾಗಿದೆ ಎಂದು ಕೇಳಬಹುದಿತ್ತು. ತಮಿಯೊ ಎರಡನ್ನೂ ಮಾಡುವುದಿಲ್ಲ. ಮೀನಿಗೆ ಹೋಗುತ್ತಿದ್ದ ದಿನಗಳಲ್ಲಿ ತನ್ನ ತಂದೆಗೆ ಕಡಲಿನ ದೂರದಲ್ಲಿ ಒಂದು ಬೆಳಕು ಕಾಣಿಸಿ ಕರೆಯುತ್ತಿತ್ತಂತೆ, ಹಾಗೆ ಯಾರಿಗೆ ಬೇಕಾದರೂ ಆಗಬಹುದು ಎಂದಷ್ಟೇ ಹೇಳುತ್ತಾನೆ. ತನ್ನ ಮನೆಯ ಅನುಭವದ ಪಕ್ಕದಲ್ಲಿ ಇಕುವೊನಿಗೂ ಜಾಗ ಕೊಡುವ ಈ ಗಂಡಸಿಗೆ ಚಿತ್ರ ಅನ್ಯಾಯ ಮಾಡಿದೆ ಎಂದು ನನಗೆ ಅನ್ನಿಸಿಲ್ಲ.

ಆ ಊರು ನಿಜವಾಗಿ ಇದೆಯೇ ಎಂದೂ ಕೇಳಿದ್ದೀರಿ. ಚಿತ್ರೀಕರಣ ನಡೆದದ್ದು ಇಶಿಕಾವಾ ಪ್ರಾಂತ್ಯದ ವಾಜಿಮಾ ಸುತ್ತಮುತ್ತ. 2024ರ ಜನವರಿ 1ರ ಭೂಕಂಪದಲ್ಲಿ ಆ ಪ್ರದೇಶ ತೀವ್ರ ಹಾನಿ ಅನುಭವಿಸಿತು, ವಾಜಿಮಾದ ಹೆಸರಾಂತ ಬೆಳಗಿನ ಸಂತೆಯ ಬೀದಿ ಬೆಂಕಿಗೆ ಆಹುತಿಯಾಯಿತು. ಅದೇ ಆಗಸ್ಟ್‌ನಲ್ಲಿ, ವಾಜಿಮಾಕ್ಕೆ ನೆರವಾಗಲೆಂದು ಜಪಾನಿನಲ್ಲಿ ಈ ಚಿತ್ರವನ್ನು ಮತ್ತೆ ಚಿತ್ರಮಂದಿರಗಳಿಗೆ ತಂದರು.

ತಮ್ಮ ಒಂದು ಮಾತು ಮಾತ್ರ ನ್ಯಾಯವಾದದ್ದು. ತಮಿಯೊ ಕೂಡ ಹೆಂಡತಿಯನ್ನು ಕಳೆದುಕೊಂಡವನು. ಅವನ ದುಃಖದ ಕಡೆಗೆ ಚಿತ್ರ ಹೆಚ್ಚು ಹೊತ್ತು ತಿರುಗುವುದಿಲ್ಲ. ಅವನ ಮಗಳು ಹೊಸ ತಾಯಿಯನ್ನು ಅಷ್ಟು ಸಲೀಸಾಗಿ ಹಚ್ಚಿಕೊಂಡದ್ದು ಹೇಗೆಂಬ ತಮ್ಮ ಪ್ರಶ್ನೆಗೂ ಚಿತ್ರದಲ್ಲಿ ಉತ್ತರವಿಲ್ಲ, ನನ್ನಲ್ಲಿಯೂ ಇಲ್ಲ. ನಮ್ಮ ಲೇಖಕರು ಗಮನಿಸದೆ ಬಿಟ್ಟ ಅಂಶವಿದು. ಆದ್ದರಿಂದ ತಮ್ಮ ಪತ್ರದ ಆ ಭಾಗವನ್ನು ಕತ್ತರಿಸದೆ ಈ ಸಂಚಿಕೆಯಲ್ಲೇ ಅಚ್ಚು ಮಾಡಿದ್ದೇವೆ.

– ಸಂಪಾದಕ