ಹಂದಿಗೆ ಪಂಪ್‌ಸೆಟ್ ಕರೆಂಟ್ ಕೊಡಬೇಡ, ತಮ್ಮಾ

ತಮ್ಮಾ, ಗದ್ದೆ ಸುತ್ತ ಬೈಂಡಿಂಗ್ ವೈರ್ ಎಳೆದು ರಾತ್ರಿ ಪಂಪ್‌ಸೆಟ್ ಲೈನಿಂದ ಕರೆಂಟ್ ಕೊಡುತ್ತೇನೆ ಅಂತ ಬರೆದಿದ್ದೀಯ. ನಡುವೆ ಒಂದು ಬಲ್ಬ್ ಹಾಕಿದರೆ ಅಪಾಯ ಇಲ್ಲ ಅಂತಲೂ ಬರೆದಿದ್ದೀಯ. ಇವತ್ತೇ ಬಿಚ್ಚು. ಆ ಬಲ್ಬನ್ನು ನಾನೂ ಹಾಕಿದ್ದೆ.

ಭತ್ತ ಹಾಲುಗಟ್ಟುವ ಹೊತ್ತು. ಮೂರೇ ರಾತ್ರಿಯಲ್ಲಿ ಕಾಡುಹಂದಿಗಳು ನನ್ನ ಅರ್ಧ ಗದ್ದೆ ತುಳಿದು ಹಾಕಿದ್ದವು. ಸಿಟ್ಟಿನಲ್ಲಿ ತಂತಿ ಎಳೆದೆ. ಬೆಳಿಗ್ಗೆ ಸ್ವಿಚ್ ತೆಗೆಯಲು ಹೋದರೆ ಅಂಚಿನ ಮೇಲೆ ನಮ್ಮ ನಾಯಿ ತಂತಿಗೆ ಅಂಟಿಕೊಂಡೇ ಸತ್ತು ಬಿದ್ದಿತ್ತು. ಇನ್ನರ್ಧ ಗಂಟೆಗೆ ಅದೇ ಅಂಚಿನ ಮೇಲೆ ನಮ್ಮಮ್ಮ ಡೈರಿಗೆ ಹಾಲು ಒಯ್ಯುತ್ತಿದ್ದರು. 40 ವಾಟ್ ಬಲ್ಬಿನ ಮೂಲಕವೂ ಜೀವ ತೆಗೆಯುವಷ್ಟು ಕರೆಂಟ್ ಹರಿಯುತ್ತದೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ನಿನಗೆ ಹೇಳುತ್ತಿದ್ದೇನೆ.

ನಿನ್ನ ಸಿಟ್ಟು ನ್ಯಾಯವೇ. ಕಾಡು ಸರ್ಕಾರದ್ದು, ಅದರೊಳಗೆ ಸಾಲು ಸಾಲು ಅಕೇಶಿಯಾ ನೆಟ್ಟಿದ್ದಾರೆ. ಅದರ ಬುಡದಲ್ಲಿ ಹಂದಿಗೆ ತಿನ್ನಲು ಏನಿದೆ? ಹಲಸು, ನೇರಳೆ, ಬಿದಿರು ಇದ್ದ ಜಾಗ ಅದು. ಅಲ್ಲಿ ಮೇವಿಲ್ಲ, ಇಲ್ಲಿ ನಾವು ಹೊಡೆಯುವ ಹಾಗಿಲ್ಲ. ಬೆಳೆ ಹಾಳು ಮಾಡುವ ಹಂದಿ ಕೊಲ್ಲಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೇ ಸೆಕ್ಷನ್‌ನಲ್ಲಿ ಅನುಮತಿಗೆ ದಾರಿ ಇದೆ. ಆದರೆ ಆ ಕಾಗದ ಬರುವಷ್ಟರಲ್ಲಿ ಕೊಯ್ಲು ಮುಗಿದಿರುತ್ತದೆ. ಕೇರಳದಲ್ಲಿ 2022ರಲ್ಲಿ ಪಂಚಾಯ್ತಿ ಅಧ್ಯಕ್ಷರಿಗೇ ಆ ಅಧಿಕಾರ ಕೊಟ್ಟರು. ನಾವೂ ಅದನ್ನೇ ಕೇಳಬೇಕು. ಆದರೆ ಗಮನಿಸು, ಅಲ್ಲೂ ವಿಷ, ಸಿಡಿಮದ್ದು, ಕರೆಂಟ್ ಮೂರಕ್ಕೂ ಅವಕಾಶ ಇಲ್ಲ. ಲೈಸೆನ್ಸ್ ಇರುವ ಕೋವಿ ಮಾತ್ರ. ನಿನ್ನ ತಂತಿಗೆ ಆನೆ ಸಿಕ್ಕರಂತೂ ಕನಿಷ್ಠ 3 ವರ್ಷ ಜೈಲು, 7 ವರ್ಷದ ತನಕ ಹೋಗಬಹುದು.

ಐಬೆಕ್ಸ್ ಬೇಲಿ ಹಾಕು, ಅಂದರೆ ಬ್ಯಾಟರಿಯಿಂದ ಬಿಟ್ಟು ಬಿಟ್ಟು ಏಟು ಕೊಡುವ ತಂತಿ ಬೇಲಿ. ಅದರ ಏಟು ಸೆಕೆಂಡಿಗೆ ಒಂದೇ ಸಲ, ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು. ಹಂದಿ ಕಿರುಚಿ ಓಡುತ್ತದೆ, ಸಾಯುವುದಿಲ್ಲ. ಹಂದಿಗೆ ಕೆಳಗಿನ ತಂತಿಯೇ ಮುಖ್ಯ. ನೆಲದಿಂದ 8 ಇಂಚು, ಎರಡನೆಯದು 16. ಕೆಳಗಿನ ತಂತಿಯನ್ನೇ ಒಂದಡಿ ಎತ್ತರಕ್ಕೆ ಕಟ್ಟಿಸಿ ಆಮೇಲೆ ಬೇಲಿ ಪ್ರಯೋಜನ ಇಲ್ಲ ಅಂತ ಬೈಯುವವರು ನಮ್ಮ ಈ ರೈತರ ಗುಂಪಿನಲ್ಲೇ ಜಾಸ್ತಿ ಇದ್ದಾರೆ.

ಎಲ್ಲಕ್ಕಿಂತ ದೊಡ್ಡದು ಅರ್ಥಿಂಗ್. ಮೊದಲ ವರ್ಷ ನಾನು ಅದಕ್ಕೆ ನೆಲದಲ್ಲಿ ಒಂದೇ ಕಬ್ಬಿಣದ ಗೂಟ ಹೊಡೆದಿದ್ದೆ. ಟೆಸ್ಟರ್ 2 ಕಿಲೋವೋಲ್ಟ್ ತೋರಿಸುತ್ತಿತ್ತು, ಹಂದಿಗಳು ಮೈ ತುರಿಸಿಕೊಂಡು ಒಳಗೆ ಬಂದವು. ಆಮೇಲೆ 6 ಅಡಿಯ ಜಿಐ ರಾಡ್ 3, ಹತ್ತತ್ತು ಅಡಿ ದೂರಕ್ಕೆ, ಬಚ್ಚಲು ನೀರು ಹೋಗುವ ಒದ್ದೆ ಜಾಗದಲ್ಲಿ ಹೊಡೆದೆ. 7 ಕಿಲೋವೋಲ್ಟಿಗೆ ಏರಿತು. ಮನೆಯ ಅರ್ಥಿಂಗ್‌ಗೆ ಮಾತ್ರ ಸೇರಿಸಬೇಡ. ಬೇಸಿಗೆಯಲ್ಲಿ ನೆಲ ಒಣಗುತ್ತದೆ, ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕು. ಮಳೆಗಾಲದಲ್ಲಿ ಕೆಳ ತಂತಿಗೆ ಹುಲ್ಲು ತಾಗಿದರೆ ಏಟೆಲ್ಲ ಹುಲ್ಲಿಗೇ ಹೋಗುತ್ತದೆ. ಹದಿನೈದು ದಿನಕ್ಕೊಮ್ಮೆ ಕತ್ತಿ ಹಿಡಿದು ಸುತ್ತಲೇಬೇಕು.

ಬೇಲಿಗೆ ಏಟು ಕಳಿಸುವ ಪೆಟ್ಟಿಗೆಗೆ ಎನರ್ಜೈಸರ್ ಅಂತಾರೆ. ಗಲ್ಲಾಘರ್ ಕಂಪನಿಯದ್ದು ದುಬಾರಿ, ಆದರೆ ನನ್ನದು ನಾಲ್ಕು ಮಳೆಗಾಲ ಕಂಡಿದೆ. ಹೆಸರಿಲ್ಲದ ಅಗ್ಗದ್ದು ಮೊದಲ ಸಿಡಿಲಿಗೇ ಹೋಗಿತ್ತು. ಬ್ಯಾಟರಿ ಇನ್ವರ್ಟರಿಗೆ ಹಾಕುವಂಥ ಟ್ಯೂಬುಲರ್ ತಗೋ, ಹಳೇ ಜೀಪಿನದ್ದು ಹಾಕಬೇಡ.

ಇನ್ನೊಂದು. ಈ ಸಲ ಹಾಳಾದ ಗದ್ದೆಯನ್ನು ಈಗಲೇ ಸರಿ ಮಾಡಬೇಡ. ಫೋಟೋ ತೆಗೆದು, ಪಹಣಿ ಇಟ್ಟು ಅರಣ್ಯ ಇಲಾಖೆಗೆ ಪರಿಹಾರಕ್ಕೆ ಅರ್ಜಿ ಹಾಕು. ಫಾರೆಸ್ಟ್ ಗಾರ್ಡ್ ಬಂದು ನೋಡಿ ಹೋಗುವ ತನಕ ಹಂದಿಯ ಹೆಜ್ಜೆ ಗುರುತು ಹಾಗೇ ಇರಲಿ.